ಬೆಳಕಿನ ಕೋಣೆಗೆ ಬಾಗಿಲು ಕಾದ ಜವರ

ಒಬ್ಬ ತಾಯಿಗೆ ಒಬ್ಬನೇ ಮಗ, ಆ ಮಗನೋ ಶುದ್ಧ ಪೆದ್ದ. ತಾಯಿ ಪುಟ್ಟಸಿದ್ದಮ್ಮ ಇಪ್ಪತ್ತು ವರ್ಷದಿಂದ ಬೆಳಕಿನ ಪ್ರಯೋಗಾಲಯದಲ್ಲಿ ಕಸ ಗುಡಿಸಿದವಳು. ಈಗ ಮಂಡಿ ಬಗ್ಗುತ್ತಿರಲಿಲ್ಲ. ನಾನು ಕಣ್ಮುಚ್ಚಿದರೆ ಇವನಿಗೆ ಯಾರು ಗತಿ ಅನ್ನುವುದೊಂದೇ ಅವಳ ಚಿಂತೆ. ಅಲ್ಲಿನ ವಿಜ್ಞಾನಿ ಕನಕವಲ್ಲಿ ಮೇಡಂ ಕೈಕಾಲು ಹಿಡಿದು ತನ್ನ ಜಾಗಕ್ಕೆ ಮಗ ಜವರನನ್ನು ಸೇರಿಸಿದಳು. ಮೂರು ದಿನ ನೋಡುತ್ತೇನೆ ಅಂದರು ಮೇಡಂ.

ಮೇಡಂ ಕೆಲಸ ಏನು ಗೊತ್ತೆ? ಬೆಳಕನ್ನು ಒಂದೊಂದೇ ಕಾಳಾಗಿ ಎಣಿಸುವುದು! ಯಾವ ಕಾಳು ಯಾವ ಗಳಿಗೆಗೆ ಬಂತು ಅಂತ ಹೇಳುವುದು! ರೆಪ್ಪೆ ಬಡಿಯುವುದರೊಳಗೆ ಅದು ಊರು ದಾಟಿರುತ್ತದೆ, ಯಾವ ಗಡಿಯಾರ ಹಿಡಿದೀತು? ಅದಕ್ಕೇ ಮೇಡಂ ಬೆಳಕಿಗೆ ಇನ್ನೊಂದು ಬೆಳಕನ್ನೇ ಬಾಗಿಲು ಮಾಡಿದ್ದರು. ಆ ಬೆಳಕು ಮಿಣಕ್ಕೆಂದರೆ ಬಾಗಿಲು ತೆರೆಯಿತು, ಆರಿದರೆ ಮುಚ್ಚಿತು. ಸರಿಯಾಗಿ ಅಷ್ಟರಲ್ಲೇ ಬಂದ ಕಾಳು ಮಾತ್ರ ಒಳಕ್ಕೆ. ಇದಕ್ಕೆಲ್ಲ ಕೋಣೆ ಗವ್ವೆನ್ನುವ ಕತ್ತಲಾಗಿರಬೇಕು.

ಮೊದಲ ದಿನ ಮೇಡಂ ಅಂದರು, “ಎಣಿಕೆ ಶುರು ಮಾಡೋಣ. ದೀಪ ದೊಡ್ಡದು ಮಾಡಪ್ಪ.”

ಜವರ ಇದ್ದಬದ್ದ ದೀಪವನ್ನೆಲ್ಲ ಹಾಕಿದ. ಸಾಲದೆ ಪಕ್ಕದ ಕೋಣೆಯಿಂದ ಇನ್ನೆರಡು ತಂದ! ಒಂದೊಂದೇ ಕಾಳು ತಿನ್ನುವ ಯಂತ್ರದ ಬಾಯಿಗೆ ಮೂಟೆ ಸುರಿದ ಹಾಗಾಯಿತು. ಅದು ಕೆಟ್ಟು ಕೂತಿತು.

“ಅಯ್ಯೋ ಪೆದ್ದೇ!” ಸಂಜೆ ಮನೆಯಲ್ಲಿ ತಾಯಿ ಹಣೆ ಚಚ್ಚಿಕೊಂಡಳು. “ದೀಪ ಆರಿಸು ಅಂತ ಬಾಯಲ್ಲಿ ಅನ್ನಬಾರದು ಕಣ್ಲಾ, ಅದಕ್ಕೇ ದೊಡ್ಡದು ಮಾಡು ಅಂತಾರೆ. ದೊಡ್ಡದು ಮಾಡು ಅಂದ್ರೆ ಆರಿಸ್ಬೇಕು!”

“ಆಗ್ಲಿ ಕಣವ್ವ! ದೊಡ್ಡದು ಮಾಡು ಅಂದ್ರೆ ಆರಿಸ್ಬೇಕು!”

ಎರಡನೇ ದಿನ ಬೇರೆ ಯಂತ್ರ ಇಟ್ಟು ಮೇಡಂ ಬೆಳಗಿನಿಂದ ಸಾವಿರ ಕಾಳು ಎಣಿಸಿದ್ದರು. ಕಂಪ್ಯೂಟರಿನಲ್ಲಿ ಗೆರೆ ಏಳುತ್ತಿತ್ತು. ಮೇಡಂ ಕೈಯಲ್ಲಿ ಕನ್ನಡಿ ಇತ್ತು, ಬಿಡುವಂತಿರಲಿಲ್ಲ. “ಜವರ, ಆ ಚಿತ್ರ ಸ್ವಲ್ಪ ದೊಡ್ಡದು ಮಾಡು” ಅಂದರು.

ಜವರ ಪ್ಲಗ್ಗೇ ಕಿತ್ತ! ಸಾವಿರ ಕಾಳೂ ಗಾಳಿಗೆ ಹೋದವು.

“ಅಯ್ಯೋ ನನ್ನ ಕರ್ಮವೇ!” ಸಂಜೆ ತಾಯಿ ಮತ್ತೆ ಹಣೆ ಚಚ್ಚಿಕೊಂಡಳು. “ದೀಪಕ್ಕೆ ಅಂದ ಮಾತು ದೀಪಕ್ಕೆ! ಇನ್ಮೇಲೆ ಏನೂ ಮುಟ್ಬೇಡ, ಬಾಗಿಲು ಕಾಯ್ತಾ ನಿಂತ್ಕೊ. ಯಾರೇನಂದ್ರೂ ಅಂದದ್ದನ್ನ ಅಂದ ಹಾಗೇ ತಿಳ್ಕೊ!”

“ಆಗ್ಲಿ ಕಣವ್ವ! ಅಂದದ್ದನ್ನ ಅಂದ ಹಾಗೇ!”

ಮೂರನೇ ದಿನ ತಾಯಿ ಬುತ್ತಿ ತಂದಳು. ಹೊರಗೇ ಕೂರಿಸಿ ಉಣ್ಣಿಸಿದಳು. ಏಳುವಾಗ “ಬರ್ತೀನಿ ಕಣಪ್ಪ” ಅಂದಳು. ಹೋಗ್ತೀನಿ ಅಂತ ಯಾರಾದರೂ ಅಂದಾರೆಯೇ?

ಅವ್ವ ಬರ್ತಾಳೆ! ಜವರ ಬಾಗಿಲನ್ನು ಪೂರಾ ತೆರೆದು ಹಿಡಿದುಕೊಂಡು ನಿಂತ. ನಡುಮಧ್ಯಾಹ್ನದ ಬಿಸಿಲು ಎಣಿಕೆ ನಡೆಯುತ್ತಿದ್ದ ಕತ್ತಲ ಕೋಣೆಗೆ ದಬದಬ ನುಗ್ಗಿತು.

ತಾಯಿ ಗೇಟು ದಾಟುವುದರೊಳಗೆ ಮೇಡಂ ಕೂಗು ಕೇಳಿತು. ಕುಂಟುತ್ತಾ ಓಡಿಬಂದಳು.

“ನೋಡಿ ಮೇಡಮ್ಮೋರೆ, ಬಂದ್ಲು!” ಅಂದ ಜವರ, ಮುಖ ಅರಳಿಸಿಕೊಂಡು.

ಪುಟ್ಟಸಿದ್ದಮ್ಮ ಬಾಗಿಲನ್ನು ಎಳೆದು ಮುಚ್ಚಿದಳು. ತಾನು ಹೇಳಿದ ಬುದ್ಧಿಯಲ್ಲಿ ಒಂದೂ ಸುಳ್ಳಲ್ಲ. ಆದರೆ ನಿನ್ನೆಗೆ ಬೇಕಾದದ್ದು ಇವನ ತಲೆಗೆ ಇವತ್ತು ಬರುತ್ತದೆ, ಇವತ್ತಿನದು ನಾಳೆ. ಸರಿಯಾದ ಗಳಿಗೆಗೆ ಈ ಮಗನ ಬಾಗಿಲು ತೆರೆಯುವವರು ಯಾರು?

ಮೇಡಂಗೆ ಇಕ್ಕಟ್ಟಾಯಿತು. ಕೆಲಸದಿಂದ ತೆಗೆದೆ ಅಂತ ತಾಯಿಯ ಎದುರು ಹೇಗೆ ಹೇಳುವುದು? ಮೆಲ್ಲಗೆ ಅಂದರು, “ಆಯ್ತು ಜವರ. ಇನ್ನು ಹೋಗಿ ಬಾರಪ್ಪ.”

ತಾಯಿಗೆ ಅರ್ಥವಾಯಿತು. ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ಜವರ ಒಂದೇ ಓಟಕ್ಕೆ ಗೇಟಿನ ತನಕ ಹೋದ. ಗೇಟು ಮುಟ್ಟಿದ. ಅಷ್ಟೇ ಜೋರಾಗಿ ವಾಪಸು ಓಡಿಬಂದು, ಏದುಸಿರು ಬಿಡುತ್ತಾ ಮೇಡಂ ಮುಂದೆ ಕೈಕಟ್ಟಿ ನಿಂತ.

“ಹೋಗಿ ಬಂದೆ ಮೇಡಮ್ಮೋರೆ! ಈಗೇನು ಕೆಲಸ?”