ತುಂಬಿದ ಚಿಪ್ಪು

"ಗುರುಗಳೇ, ಅನ್ನ ಇಟ್ಟವನಿಗೂ ತಪ್ಪು ಅಂಟುತ್ತದೆಯೇ?"

ಕೇಳಿದವನು ಮರಿದೇವ. ಮಠದ ದಾಸೋಹದ ಅಡುಗೆಮನೆ ಅವನ ಉಸ್ತುವಾರಿಯಲ್ಲಿತ್ತು. ಅಂದು ಬೆಳಿಗ್ಗೆ ಊರಾಚೆಯ ಹಂಪವ್ವನನ್ನು ಮಣ್ಣು ಮಾಡಿ ಬಂದಿದ್ದರು. ಕಣ್ಣು ಮಂಜಾದ ಮೇಲೆ ಅವಳ ಮಗ್ಗ ನಿಂತುಹೋಗಿತ್ತು. ಅವಳು ಸತ್ತದ್ದು ಕಾಯಿಲೆಯಿಂದಲ್ಲ, ಹಸಿವಿನಿಂದ. ಅವಳ ಒಲೆಯಲ್ಲಿದ್ದ ಬೂದಿಯೂ ಹಳೆಯದಾಗಿತ್ತು.

"ನಮ್ಮ ದಾಸೋಹದ ಬಾಗಿಲನ್ನು ಒಂದು ದಿನವೂ ಮುಚ್ಚಿಲ್ಲ," ಎಂದ ಮರಿದೇವ. "ಯಾರು ಬಂದರೂ ಎಲೆ ಹಾಕುತ್ತೇವೆ. ದಿನವೂ ಹಂಡೆಯಲ್ಲಿ ಅನ್ನ ಉಳಿಯುತ್ತದೆ. ಅದನ್ನು ಕಂಡು, ಊರಿನಲ್ಲಿ ಎಲ್ಲರ ಹೊಟ್ಟೆಯೂ ತುಂಬಿದೆ ಎಂದು ಸಂತೋಷಪಡುತ್ತಿದ್ದೆ. ಅವಳು ಕೈಚಾಚಲು ನಾಚಿದಳೋ, ನಡೆಯಲು ಆಗಲಿಲ್ಲವೋ, ಒಟ್ಟಿನಲ್ಲಿ ಬರಲಿಲ್ಲ. ಬಾರದಿದ್ದರೆ ನಾನೇನು ಮಾಡಲಿ?"

"ನಿನ್ನ ದನಿ ಜೋರಾಗಿದೆ," ಎಂದರು ಗುರುಗಳು. "ತಪ್ಪಿಲ್ಲ ಎಂದು ಮನಸ್ಸಿಗೆ ಒಪ್ಪಿಗೆಯಾದವನು ಇಷ್ಟು ಜೋರಾಗಿ ಕೇಳುವುದಿಲ್ಲ. ಕೂತುಕೋ." ಆಮೇಲೆ ಅವರು ಹೇಳಿದ ಕತೆ ಇದು.

ಒಬ್ಬ ರೈತನಿದ್ದ. ಅವನ ಮನೆಯ ಹಿಂದೆ ಒಂದು ಜೇನಿನ ಕೊರಡಿತ್ತು. ಒಳಗೆ ಟೊಳ್ಳು ಮಾಡಿದ ಹಲಸಿನ ಕೊರಡು. ಅದನ್ನು ನಿಲ್ಲಿಸಿರಲಿಲ್ಲ, ಕಲ್ಲುಗಳ ಮೇಲೆ ಉದ್ದಕ್ಕೆ ಮಲಗಿಸಿದ್ದರು. ಎರಡು ತುದಿಗೂ ಹಲಗೆ. ಮುಂದಿನ ಹಲಗೆಯಲ್ಲಿ ಜೇನುನೊಣಗಳು ಹೋಗಿಬರಲು ಒಂದು ಕಂಡಿ. ಅದು ಕೊರಡಿನ ಬಾಯಿ. ಮಲಗಿಸಿದ ಕೊರಡಿನಲ್ಲಿ ನೊಣಗಳು ಬಾಯಿಯ ಹತ್ತಿರ ಮರಿ ಮಾಡಿಕೊಂಡು ಸಂಸಾರ ನಡೆಸುತ್ತವೆ. ಜೇನುತುಪ್ಪವನ್ನು ಹಿಂದಿನ ತುದಿಯಲ್ಲಿ ಕೂಡಿಡುತ್ತವೆ.

ಕೊರಡು ಅವನದಲ್ಲ, ಅವನ ಹೆಂಡತಿಯದು. ಮದುವೆಯಾಗಿ ಬರುವಾಗ ತವರಿನವರು ಕೊರಡಿನ ಬಾಯಿಗೆ ಬಟ್ಟೆ ಕಟ್ಟಿ, ಗಾಡಿಯಲ್ಲಿ ಅವಳ ಪಕ್ಕದಲ್ಲೇ ಇಟ್ಟು ಕಳಿಸಿದ್ದರು. ಅವಳು ಆ ನೊಣಗಳನ್ನು 'ನಮ್ಮ ತವರಿನವರು' ಎಂದೇ ಕರೆಯುತ್ತಿದ್ದಳು. ಗಂಡನಿಗೆ ಒಂದು ನೊಣ ಕಚ್ಚಿದರೆ, "ನಿಮ್ಮನ್ನು ಅಳಿಯ ಅಂತ ಅವರಿನ್ನೂ ಒಪ್ಪಿಲ್ಲ" ಎಂದು ನಗುತ್ತಿದ್ದಳು.

ಇಬ್ಬರಲ್ಲೂ ಕೆಲಸ ಹಂಚಿಹೋಗಿತ್ತು. ಬೇಸಿಗೆಯಲ್ಲಿ ತುಪ್ಪ ತೆಗೆಯುವುದು ಅವನ ಕೆಲಸ. ಹಿಂದಿನ ಹಲಗೆ ಸರಿಸಿ, ಹೊಗೆ ಹಾಕಿ, ತುಪ್ಪ ತುಂಬಿದ ಎರಿ ಕೊಯ್ಯುತ್ತಿದ್ದ. ಮಳೆಗಾಲದಲ್ಲಿ ಹೂವು ಸಿಗದಾಗ ನೊಣಗಳಿಗೆ ಸಕ್ಕರೆ ಪಾಕ ಇಡುವುದು ಅವಳ ಕೆಲಸ. ಅವನು ಹೊಲಕ್ಕೆ ಹೋದ ಮೇಲೆ ಅವಳು ಅದನ್ನು ಮುಗಿಸುತ್ತಿದ್ದಳು. ಅವನ ಕಣ್ಣಿಗೆ ಬೀಳುತ್ತಿದ್ದದ್ದು ತೊಳೆದು ಬೋರಲು ಹಾಕಿದ ತೆಂಗಿನ ಚಿಪ್ಪುಗಳು ಮಾತ್ರ. ಪಾಕವನ್ನು ಹೇಗೆ ಇಡುತ್ತೀ ಎಂದು ಅವನು ಒಮ್ಮೆಯೂ ಕೇಳಲಿಲ್ಲ. ಯಾವ ಗಂಡಸಿಗೆ ಅದನ್ನು ಕೇಳಬೇಕೆಂದು ತೋಚುತ್ತದೆ, ಹೇಳು!

ಒಂದು ಬೇಸಿಗೆಯಲ್ಲಿ ಅವಳು ಹಾಸಿಗೆ ಹಿಡಿದಳು. ಔಷಧಿಯನ್ನು ಜೇನುತುಪ್ಪದಲ್ಲಿ ತೇಯ್ದು ಕೊಡಬೇಕೆಂದು ವೈದ್ಯರು ಹೇಳಿದರು. ರೈತ ಮತ್ತೆ ಮತ್ತೆ ಹಿಂದಿನ ಹಲಗೆ ತೆಗೆದ. ಪ್ರತಿ ವರ್ಷ ನೊಣಗಳಿಗೆಂದು ಬಿಡುತ್ತಿದ್ದ ಪಾಲನ್ನೂ ಕೊಯ್ದ. ಕೊರಡಿನ ಹಿಂದಿನ ಅರ್ಧ ಬರಿದಾಯಿತು. ಅವಳು ಉಳಿಯಲಿಲ್ಲ. ಹೋಗುವ ಮುಂಚೆ ಅವನ ಕೈ ಹಿಡಿದು, "ಮಳೆಗಾಲದಲ್ಲಿ ನನ್ನ ತವರಿನವರನ್ನು ಉಪವಾಸ ಕೆಡವಬೇಡಿ" ಎಂದಳು. ಅವನು ಮಾತು ಕೊಟ್ಟ.

ಮಳೆ ಹಿಡಿಯಿತು. ರೈತ ಮಾತು ಮರೆಯಲಿಲ್ಲ. ಗಟ್ಟಿಯಾಗಿ ಪಾಕ ಕಾಯಿಸಿದ, ಆರಿಸಿದ, ಚಿಪ್ಪಿಗೆ ಸುರಿದ. ನೊಣಗಳು ಮುಳುಗದಿರಲೆಂದು ಮೇಲೆ ಹುಲ್ಲುಕಡ್ಡಿ ತೇಲಿಬಿಟ್ಟ. ಅವನಿಗೆ ಕೈರೂಢಿಯಿದ್ದದ್ದು ಹಿಂದಿನ ಹಲಗೆ. ತುಪ್ಪ ಇರುತ್ತಿದ್ದ ಜಾಗವೂ ಅದೇ. ಅದನ್ನೇ ಸರಿಸಿ ಚಿಪ್ಪನ್ನು ಒಳಗಿಟ್ಟ.

ಮರುದಿನ ನೋಡಿದರೆ ಚಿಪ್ಪು ತುಂಬಿಯೇ ಇತ್ತು. ಅದರ ಮರುದಿನವೂ ತುಂಬಿಯೇ ಇತ್ತು. ರೈತನಿಗೆ ಸಮಾಧಾನವಾಯಿತು. ಪಾಕ ಹುಳಿಯಾದಾಗ ಚೆಲ್ಲಿ ಹೊಸದನ್ನು ಇಟ್ಟ. ಒಂದು ಸಲವೂ ಬೇಸರಪಡಲಿಲ್ಲ. ಊಟಕ್ಕೆ ಕೂತಾಗ ಹೆಂಡತಿ ಕೂರುತ್ತಿದ್ದ ಕಡೆ ತಿರುಗಿ, "ನಿನ್ನವರಿಗೆ ಹೊಟ್ಟೆ ತುಂಬಿದೆ ಕಣೇ, ಬೇಡ ಅಂತಾರೆ" ಎಂದು ಹೇಳುತ್ತಿದ್ದ. ಅವಳು ಹೋದ ಮೇಲೆ ಅವನಿಗೆ ಉಳಿದಿದ್ದ ನೆಮ್ಮದಿ ಅದೊಂದೇ.

ಮಳೆ ಬಿಟ್ಟು ಬಿಸಿಲು ಬಂತು. ಕೊರಡಿನ ಬಾಯಿಂದ ಒಂದು ನೊಣವೂ ಹೊರಗೆ ಬರಲಿಲ್ಲ. ಅದೇ ವೇಳೆಗೆ ಅಕ್ಕನ ಮನೆ ನೋಡಿಕೊಂಡು ಹೋಗೋಣವೆಂದು ಹೆಂಡತಿಯ ತಂಗಿ ಬಂದಿದ್ದಳು. ಅವಳು ಕೊರಡಿನ ಮುಂದಿನ ಹಲಗೆ ತೆಗೆದಳು. ನೊಣಗಳೆಲ್ಲ ಅಲ್ಲೇ ಇದ್ದವು. ಒಂದೊಂದೂ ಎರಿಯ ಖಾಲಿ ಕೋಣೆಯೊಳಗೆ ತಲೆ ತೂರಿಸಿ ಸತ್ತಿತ್ತು. ಕೊನೆಯ ಹನಿ ಸಿಕ್ಕೀತೇ ಎಂದು ತಳ ನೆಕ್ಕುತ್ತ ಹೋದ ಜೀವಗಳು. ಹೊರಗೆ ಕಾಣುತ್ತಿದ್ದದ್ದು ಬಾಲಗಳು ಮಾತ್ರ.

"ಭಾವ, ಪಾಕ ಇಡಲಿಲ್ಲವೇ?"

ರೈತ ಓಡಿಹೋಗಿ ಹಿಂದಿನ ತುದಿಯಿಂದ ಚಿಪ್ಪು ತಂದು ತೋರಿಸಿದ. ತುಂಬಿದ ಚಿಪ್ಪು. "ಒಂದು ದಿನವೂ ತಪ್ಪಿಸಿಲ್ಲ. ಇವು ಮುಟ್ಟಲೇ ಇಲ್ಲ. ಹಸಿವಿಲ್ಲ ಅಂದುಕೊಂಡೆ."

ಅವಳು ಕೊರಡಿನ ಬಾಯಿಯತ್ತ ಕೈ ತೋರಿಸಿದಳು. "ಅಕ್ಕ ಬಾಯಿಯ ಹತ್ತಿರ, ಇವುಗಳ ಮೈಗೆ ತಾಗುವ ಹಾಗೆ ಇಡುತ್ತಿದ್ದಳು. ಕೈಗೆ ಕಚ್ಚಿಸಿಕೊಂಡೇ ಇಡುತ್ತಿದ್ದಳು. ಮಳೆಯ ಚಳಿಗೆ ಇವು ಒಂದಕ್ಕೊಂದು ಅಂಟಿಕೊಂಡು ಮೈ ಕಾಯಿಸಿಕೊಳ್ಳುತ್ತವೆ, ಭಾವ. ಗುಂಪು ಬಿಟ್ಟು ಬರಿ ಜಾಗ ದಾಟಿದರೆ ನಡುವೆಯೇ ಮರಗಟ್ಟಿ ಬೀಳುತ್ತವೆ."

"ಒಂದೇ ಕೊರಡಲ್ಲವೇನಮ್ಮಾ? ಒಂದು ಮೊಳ ದೂರ!"

"ನಿಮಗೆ ಒಂದು ಮೊಳ," ಎಂದಳು ಅವಳು.

ರೈತ ಚಿಪ್ಪು ಹಿಡಿದುಕೊಂಡೇ ಕೊರಡಿನ ಪಕ್ಕದಲ್ಲಿ ಕುಸಿದು ಕೂತ. ಹೆಂಡತಿ ಸತ್ತ ದಿನ ಅವನು ಅತ್ತಿರಲಿಲ್ಲ. ಅಂದು ಅತ್ತ.

ಗುರುಗಳು ಕತೆ ನಿಲ್ಲಿಸಿದರು.

"ಪಾಪ, ಅವನು ಪ್ರೀತಿಯಿಂದಲೇ ಇಟ್ಟಿದ್ದ," ಎಂದ ಮರಿದೇವ.

"ಪ್ರೀತಿಯಿಂದಲೇ ಇಟ್ಟ. ಅದಕ್ಕೇ ಅವನ ಮೇಲೆ ನನಗೆ ಸಿಟ್ಟು ಬರುವುದಿಲ್ಲ, ದುಃಖವಾಗುತ್ತದೆ."

"ಆದರೂ ಗುರುಗಳೇ, ಚಿಪ್ಪು ತುಂಬಿಯೇ ಇರುವುದನ್ನು ದಿನವೂ ನೋಡುತ್ತಿದ್ದನಲ್ಲ. ಏನೋ ಸರಿಯಿಲ್ಲ ಎಂದು ಅವನಿಗೆ ಅನ್ನಿಸಲೇ ಇಲ್ಲವೇ?"

ಗುರುಗಳು ಅವನ ಮುಖವನ್ನೇ ನೋಡುತ್ತ ಕೇಳಿದರು:

"ಮರಿದೇವ, ನಿನ್ನೆ ನಮ್ಮ ಹಂಡೆಯಲ್ಲಿ ಅನ್ನ ಎಷ್ಟು ಉಳಿದಿತ್ತು?"