ಏಡಿ ಹಿಡಿದ ಕೋಳಿಮರಿ

ರಾತ್ರಿಯೆಲ್ಲ ಗುಡ್ಡದ ಮೇಲೆ ಗುಡುಗು, ಮಳೆ. ಬೆಳಗ್ಗೆ ಬಿಸಿಲು ಬಿದ್ದದ್ದೇ ಕೋಳಿ ತನ್ನ ಎಂಟು ಮರಿಗಳೊಂದಿಗೆ ಒಣಹಳ್ಳಕ್ಕೆ ಇಳಿಯಿತು. ಒದ್ದೆ ಮರಳಿನಲ್ಲಿ ಹುಳು ಧಾರಾಳ. ಹೊಟ್ಟೆಗೆ ಮರಿಗಳನ್ನು ಅವಚಿಕೊಂಡ ಏಡಿಯೊಂದು ದಡ ಹತ್ತುತ್ತಿತ್ತು.

"ಅಕ್ಕಾ, ಹಿಂದಕ್ಕೆ ನಡಿ. ನೆಲ ನಡುಗುತ್ತಿದೆ, ಗುಡ್ಡದ ನೀರು ಬರುತ್ತಿದೆ."

"ಮಳೆ ಆಗಲೇ ನಿಂತಿದೆ. ಅಡ್ಡಡ್ಡ ನಡೆಯುವ ನೀನು ನನಗೆ ದಾರಿ ಹೇಳುತ್ತೀಯಾ?"

ಏಡಿ ಕೋಳಿಯ ಚಿಕ್ಕ ಮರಿಯೊಂದರ ಕಾಲನ್ನು ಚಿವುಟಿ ಹಿಡಿದು ದಡದ ಮೇಲಕ್ಕೆ ಎಳೆದೊಯ್ದಿತು.

"ಕಳ್ಳಿ, ಬಿಡೇ ನನ್ನ ಕೂಸನ್ನು!" ಎಂದು ಕೋಳಿ ಬೆನ್ನಟ್ಟಿತು, ಉಳಿದ ಮರಿಗಳೂ ಹಿಂದೆಯೇ ಓಡಿದವು. ಅವು ಮೇಲೆ ಮುಟ್ಟುವಷ್ಟರಲ್ಲಿ ಕೆಂಪು ನೀರು ಹಳ್ಳದ ತುಂಬ ನುಗ್ಗಿ, ಮೇಲಿನೂರಿನ ಬಣವೆಯನ್ನೇ ಹೊತ್ತು ಹೋಯಿತು.

ಕೋಳಿ ಮರಿಗಳನ್ನು ಎಣಿಸಿತು. ಎಂಟೂ ಇದ್ದವು.

"ಇದರ ಕಾಲು ಊದಿದೆ ನೋಡು. ಬಾಯಲ್ಲಿ ಹೇಳಬಾರದಿತ್ತೇ?"

"ಹೇಳಿದೆನಲ್ಲ ಅಕ್ಕಾ," ಎಂದಿತು ಏಡಿ. "ಆಗ ನೀನು ನನ್ನ ನಡಿಗೆ ನೋಡುತ್ತ ನಿಂತಿದ್ದೆ."