ಕರುವಿಗೆ ಹುಲ್ಲು ಹಾಕಿದ ದಿನ

"ಬುದ್ಧಿ, ಹೊಸಬರ ಕೈಗೆ ಪುಸ್ತಕ ಕೊಟ್ಟು ಅವರ ಪಾಡಿಗೆ ಅವರನ್ನು ಬಿಡುವುದು ಯಾವಾಗ?" ಎಂದು ಶಿಷ್ಯ ಕೇಳಿದ.

ಮಠಕ್ಕೆ ಹೊಸದಾಗಿ ಬಂದ ಆರು ಮಂದಿಗೆ ಪಾಠ ಹೇಳುವ ಕೆಲಸ ಈ ಶಿಷ್ಯನದು. ಹೆಸರು ಸಿದ್ಧವೀರ. ಎರಡು ತಿಂಗಳಿನಿಂದ ಒಂದೊಂದು ಸಾಲನ್ನೂ ಹೇಳಿ, ಹೇಳಿಸಿ, ಅರ್ಥ ಬಿಡಿಸಿ ಅವನ ಗಂಟಲು ಕಟ್ಟಿತ್ತು. ಅವರೇ ಪುಟ ತಿರುವಿ ನೋಡುತ್ತಿದ್ದಾರೆ, ಇನ್ನು ತಾವಾಗಿ ಓದಿಕೊಂಡರೆ ಅವರಿಗೇ ಒಳ್ಳೆಯದು ಎಂದೂ ಸೇರಿಸಿದ.

ಗುರುಗಳು ಅವನ ಮುಖವನ್ನು ಒಮ್ಮೆ ನೋಡಿ ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಕೊಟ್ಟಿಗೆಯಲ್ಲಿ ಹಾಲಿಗೆಂದು ಇದ್ದದ್ದು ಒಂದೇ ಹಸು. ಅದು ಹೆಣ್ಣುಗರು ಹಾಕಿ ಐದನೆಯ ದಿನ ಸತ್ತುಹೋಯಿತು. ಇನ್ನು ಆ ಮನೆಯಲ್ಲಿ ಹಾಲು ಕಾಣಬೇಕಾದರೆ ಈ ಕರು ಬೆಳೆದು ಹಸುವಾಗಬೇಕು. ಬೇರೆ ದಾರಿ ಇರಲಿಲ್ಲ.

ರೈತ ದಿನಕ್ಕೆ ಮೂರು ಸಲ ನೆರೆಯವರ ಕೊಟ್ಟಿಗೆಗೆ ಹೋಗಿ ಹಾಲು ತರುತ್ತಿದ್ದ. ಅದನ್ನು ಬೆಚ್ಚಗೆ ಮಾಡಿ, ಕರುವಿನ ಬಾಯಿಗೆ ಬೆರಳು ಕೊಟ್ಟು, ಮೂತಿಯನ್ನು ಮೆಲ್ಲನೆ ಪಾತ್ರೆಗೆ ಇಳಿಸಬೇಕು. ಬೆರಳು ಚೀಪುತ್ತಾ ಅದು ಕುಡಿಯುತ್ತದೆ; ನಡುವೆ ಗುಮ್ಮಿ ಪಾತ್ರೆ ಉರುಳಿಸುತ್ತದೆ. ಆಮೇಲೆ ಜೋಳದ ನುಚ್ಚಿಗೆ ಹಿಂಡಿ ಬೆರೆಸಿ ನಾಲಿಗೆಗೆ ಸವರಬೇಕು, ಅರ್ಧ ಉಗುಳುತ್ತದೆ. ಹೊಲದಲ್ಲಿ ಗೇಯ್ದು ಬಂದವನಿಗೆ ಇದು ಎರಡನೆಯ ಗೇಯ್ಮೆ. ಎರಡು ವಾರಕ್ಕೆ ಅವನ ಸೊಂಟ ಬಿದ್ದುಹೋಯಿತು.

ಒಂದು ದಿನ ಕರು ಕಾಲಡಿ ಹಾಸಿದ್ದ ರಾಗಿ ಹುಲ್ಲಿನ ಎಸಳೊಂದನ್ನು ಎತ್ತಿಕೊಂಡು ಅಗಿಯಿತು. ರೈತ ನೋಡಿದ. ಕರು ಹುಲ್ಲು ಕೇಳುತ್ತಿದೆ ಎಂದು ಹೆಂಡತಿಗೆ ಹೇಳಿದ. ಇಷ್ಟು ಬೇಗ ಎಲ್ಲಾದರೂ ಉಂಟೇ ಎಂದು ಅವಳು ಕೇಳಿದ್ದಕ್ಕೆ, ಕಣ್ಣಾರೆ ಕಂಡಿದ್ದೇನೆ ಎಂದ. ಅಂದಿನಿಂದ ಕರುವಿನ ಮುಂದೆ ಹುಲ್ಲಿನ ಕಂತೆ ಬಿತ್ತು. ಮೂರು ಹೊತ್ತಿನ ಹಾಲು ಒಂದು ಹೊತ್ತಿಗೆ ಇಳಿಯಿತು. ನುಚ್ಚನ್ನು ಕರು ಮೂಸಿಯೂ ನೋಡಲಿಲ್ಲ, ಹೊಟ್ಟೆಯಲ್ಲಿ ಜಾಗವಿರಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ಅದರ ಹೊಟ್ಟೆ ಗುಡಾಣವಾಯಿತು. ಕಂಡವರು ಭೇಷ್ ಎಂದರು. ಒಬ್ಬನಂತೂ, ಇದು ಕರುವೋ ಗಬ್ಬದ ಹಸುವೋ ಎಂದು ನಕ್ಕ. ರೈತನಿಗೆ ಬೆನ್ನು ನೆಟ್ಟಗೆ ಮಾಡಿ ಕೂರಲು ಪುರುಸೊತ್ತು ಸಿಕ್ಕಿತು.

ಆಗ ಎತ್ತು ಹುಡುಕಿಕೊಂಡು ಒಬ್ಬ ದನದ ವ್ಯಾಪಾರಿ ಬಂದ. ನೀರು ಕುಡಿದು ಹೊರಟವನನ್ನು ರೈತ ನಿಲ್ಲಿಸಿ, ಕರು ತೋರಿಸಿ, ಇದು ಎಷ್ಟು ವರ್ಷಕ್ಕೆ ಈದೀತು, ಎಷ್ಟು ಹಾಲು ಕೊಟ್ಟೀತು ಎಂದು ಕೇಳಿದ. ಹೊಗಳಿಕೆ ಬರುತ್ತದೆಂದು ಕಾದ. ವ್ಯಾಪಾರಿ ಹೊಟ್ಟೆಯ ಕಡೆ ನೋಡಲೇ ಇಲ್ಲ. ಬೆನ್ನ ಮೇಲೆ ಅಂಗೈ ಇಟ್ಟು ಬಾಲದವರೆಗೆ ಎಳೆದ. ಮೂಳೆಗಳು ಒಂದೊಂದಾಗಿ ಕೈಗೆ ಸಿಕ್ಕವು.

"ಇದು ಬೆಳೆದಿಲ್ಲ ಯಜಮಾನರೇ, ಬರೀ ತುಂಬಿದೆ. ಹುಲ್ಲು ಯಾವಾಗ ಹಾಕಿದಿರಿ?"

"ಎರಡು ವಾರಕ್ಕೆ. ಅದೇ ಬಾಯಿ ಹಾಕಿತಲ್ಲ."

"ಈಗ ನನ್ನ ಪಂಚೆಯ ಚುಂಗನ್ನೂ ಅಗಿಯುತ್ತಿದೆ. ನಾಳೆಯಿಂದ ದಿನಕ್ಕೊಂದು ಪಂಚೆ ತಿನ್ನಿಸುತ್ತೀರಾ?"

ಚುಂಗು ಬಿಡಿಸಿಕೊಂಡು ವ್ಯಾಪಾರಿ ವಿವರಿಸಿದ. ಹುಲ್ಲು ವಿಷವಲ್ಲ, ಸಣ್ಣಗೆ ಕತ್ತರಿಸಿ ಒಂದು ಹಿಡಿ ಬಾಯಾಡಿಸಲು ಇಟ್ಟರೆ ತಪ್ಪಿಲ್ಲ. ಆದರೆ ಹುಲ್ಲು ಅರಗಿಸುವ ಹೊಟ್ಟೆಯನ್ನು ಕರು ಹುಟ್ಟುವಾಗಲೇ ತಂದಿರುವುದಿಲ್ಲ. ಹಾಲು ಅದರ ಜೀವ ಹಿಡಿದಿರುತ್ತದೆ, ನುಚ್ಚು ಆ ಹೊಟ್ಟೆಯನ್ನು ಕಟ್ಟುತ್ತದೆ. ಇಷ್ಟೇ ದಿನ ಎಂದು ಲೆಕ್ಕ ಹಿಡಿಯುವುದಲ್ಲ. ಇಟ್ಟ ನುಚ್ಚನ್ನು ದಿನವೂ ಬಟ್ಟಲು ನೆಕ್ಕಿ ಮುಗಿಸಬೇಕು, ಮಲಗಿ ಮೆಲುಕು ಹಾಕಬೇಕು. ಹಾಲು ಇಳಿಸುವುದು, ಹುಲ್ಲು ಏರಿಸುವುದು ಆಮೇಲೆ. ಅಲ್ಲಿಯವರೆಗೆ ಬೆರಳು ಕೊಡುತ್ತಲೇ ಇರಬೇಕು. ಇಷ್ಟು ಹೇಳಿ ಅವನು ತನ್ನ ದಾರಿ ಹಿಡಿದ.

ರೈತ ಮತ್ತೆ ಮೂರು ಹೊತ್ತೂ ಹಾಲು ಹೊತ್ತ. ಕರು ಸಾಯಲಿಲ್ಲ. ಆದರೆ ಕಳೆದುಹೋದದ್ದು ತಿರುಗಿ ಬರಲಿಲ್ಲ. ಅದರ ವಾರಿಗೆಯ ಕರುಗಳು ಈದು ಹಾಲು ಕೊಡುವಾಗ ಇದು ಇನ್ನೂ ಬಡಕಲು ಕಡಸು. ಕೊನೆಗೊಮ್ಮೆ ಈದಾಗ ಕೆಚ್ಚಲಿಗೆ ಇಳಿದ ಹಾಲು ಅದರ ಕರುವಿಗೇ ಸಾಲಲಿಲ್ಲ. ರೈತ ಪಾತ್ರೆ ಹಿಡಿದು ಮತ್ತೆ ನೆರೆಯವರ ಕೊಟ್ಟಿಗೆಗೆ ನಡೆದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಸಿದ್ಧವೀರ, ಪಾಪ, ತಿಳಿಯದೆ ಆದದ್ದು, ಅದು ಅವನ ಮೊದಲನೆಯ ಕರು ಇರಬೇಕು ಎಂದ.

"ಅದಕ್ಕೆ ಮೊದಲು ಹನ್ನೊಂದು ಕರು ಬೆಳೆಸಿದ್ದವನು, ಅವನಿಗೆ ತಿಳಿದಿತ್ತು, ನಿನ್ನ ಹಾಗೆ ದಣಿದಿದ್ದ ಅಷ್ಟೆ."